ಒಂದೇ ರೂಪಾಯಿ, ಮೂರು ಗ್ರೇಡು: ಇದು ಎಂಥಾ ಅಳತೆ?

ಚಿಲ್ಲರೆಸಂತೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಹೊಟ್ಟೆ ಉರಿದುಕೊಂಡೇ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನನ್ನ ಹತ್ತಿರ 1938ರ ಬೆಳ್ಳಿ ರೂಪಾಯಿ ಒಂದಿದೆ. ಆರನೇ ಜಾರ್ಜ್. 2012ರಲ್ಲಿ ಸ್ಲ್ಯಾಬ್ ಸಮೇತ (ಗ್ರೇಡಿಂಗ್ ಕಂಪನಿಯವರು ನಾಣ್ಯ ನೋಡಿ ದರ್ಜೆ ಬರೆದು ಸೀಲ್ ಮಾಡಿಕೊಡುವ ಪ್ಲಾಸ್ಟಿಕ್ ಡಬ್ಬಿ) ತಗೊಂಡಿದ್ದೆ, ಎಂಎಸ್ 64, ಅಂದರೆ ಚಲಾವಣೆಗೆ ಹೋಗದ ನಾಣ್ಯ, 70ಕ್ಕೆ 64. ಎರಡು ವರ್ಷದ ಹಿಂದೆ ವಿಜಯನಗರದಿಂದ ಕೆಂಗೇರಿಗೆ ಮನೆ ಬದಲಾಯಿಸುವಾಗ ಸ್ಲ್ಯಾಬಿನ ಮೂಲೆ ಒಡೆಯಿತು. ಬರೀ ಹೋಲ್ಡರ್ ಬದಲಾಯಿಸಿಕೊಡಿ ಎಂದು ಕಳಿಸಿದ್ದರೆ ಕಥೆ ಮುಗಿಯುತ್ತಿತ್ತು. ಪರಿಚಯದವರೊಬ್ಬರು "ಈಗ ಗ್ರೇಡಿಂಗ್ ಸಡಿಲ ಆಗಿದೆ ಕಣ್ರೀ, ಪೂರ್ತಿ ಒಡೆದು ನಾಣ್ಯ ಮಾತ್ರ ಕಳಿಸಿ, 65 ಬರುತ್ತೆ" ಅಂದರು. ಆಸೆ ಬಿದ್ದೆ. ಕಳಿಸಿದೆ. ತಿಂಗಳುಗಟ್ಟಲೆ ಕಾದ ಮೇಲೆ ಬಂದಿದ್ದು 62!

ಸುಮ್ನೆ ಇರಬೇಕಿತ್ತು. ಹಠಕ್ಕೆ ಬಿದ್ದು ಅದನ್ನೂ ಒಡೆದು ಅದೇ ಕಂಪನಿಗೆ ಮತ್ತೆ ಕಳಿಸಿದೆ. ಈ ಸಲ 63.

ಅದೇ ನಾಣ್ಯ, ಅದೇ ಕಂಪನಿ, 64, 62, 63. ಫೀಸು, ಕೊರಿಯರ್ ಲೆಕ್ಕ ಹಾಕಿದರೆ ಇನ್ನೊಂದು ರೂಪಾಯಿ ಬರುತ್ತಿತ್ತು. ಚಿನ್ನವನ್ನು ಇವತ್ತು ತೂಗಿದರೂ ನಾಳೆ ತೂಗಿದರೂ ಹತ್ತು ಗ್ರಾಂ ಹತ್ತೇ ಗ್ರಾಂ ಅಲ್ವಾ? ಇದಕ್ಕೆ ಅಳತೆ ಅಂತ ಯಾಕೆ ಕರೆಯಬೇಕು?

ರಾಜಾಜಿನಗರ_ರಾಘು
ರೀವ್ಯಾಲ್ಯುಯೇಷನ್‌ಗೆ ಹಾಕಿ ಇದ್ದ ಮಾರ್ಕ್ಸೂ ಕಳಕೊಂಡ ನನ್ನ ಇಂಜಿನಿಯರಿಂಗ್ ದಿನ ನೆನಪಾಯ್ತು ಗುರು.

ಆನೆಕಾಸು
ಇದು ಮೊದಲಿಂದಲೂ ಅಳತೆ ಆಗಿರಲೇ ಇಲ್ಲ. ಈ 1ರಿಂದ 70ರ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ವಿಲಿಯಂ ಶೆಲ್ಡನ್ ಅಂತ ಒಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞ. ಮನುಷ್ಯರ ಮೈಕಟ್ಟನ್ನು ಮೂರು ಬಗೆ ಮಾಡಿ ಹೆಸರು ಮಾಡಿದವನು. ಅವನಿಗೆ ಹಳೇ ತಾಮ್ರದ ದೊಡ್ಡ ಸೆಂಟುಗಳ ಹುಚ್ಚು. 1949ರಲ್ಲಿ ಅವುಗಳ ಬಗ್ಗೆ ಪುಸ್ತಕ ಬರೆದಾಗ ಈ ಸಂಖ್ಯೆಗಳನ್ನು ಹಾಕಿದ. ಅವನ ಪ್ರಕಾರ ಅದು ಬೆಲೆಯ ಲೆಕ್ಕ. ಗುರುತು ಹಿಡಿಯುವಷ್ಟು ಮಾತ್ರ ಉಳಿದ ಸವೆದ ಸೆಂಟು 1, ಅದೇ ಜಾತಿಯ ಅಚ್ಚುಕಟ್ಟು ಸೆಂಟು ಅದರ ಎಪ್ಪತ್ತರಷ್ಟು ಬಾಳುತ್ತೆ, ಆದ್ದರಿಂದ 70. ಅಷ್ಟೇ.

ಆ ಬೆಲೆಗಳ ಅನುಪಾತ ಬೇಗ ಹಾಳಾಯಿತು. ಸಂಖ್ಯೆ ಮಾತ್ರ ಉಳಿಯಿತು. 1970ರ ದಶಕದಲ್ಲಿ ಅಮೆರಿಕದ ನಾಣ್ಯ ಸಂಘ ಅದನ್ನೇ ಬೆಳ್ಳಿ, ಚಿನ್ನ ಎಲ್ಲಕ್ಕೂ ಎತ್ತಿಕೊಂಡಿತು. ಆಗ ಚಲಾವಣೆಗೆ ಹೋಗದ ನಾಣ್ಯಕ್ಕೆ ಮೂರೇ ಮೆಟ್ಟಿಲು: 60, 65, 70. ಆಮೇಲೆ 63, 67 ಸೇರಿದವು. 1986ರ ಹೊತ್ತಿಗೆ 60ರಿಂದ 70ರವರೆಗೆ ಹನ್ನೊಂದೂ ಬಂದವು. ಈಗ ನೀವು ಜಗಳ ಆಡುತ್ತಿರುವ 62, 64 ಮೊದಲು ಹುಟ್ಟಿಯೇ ಇರಲಿಲ್ಲ. ಮೂರು ಮೆಟ್ಟಿಲಿದ್ದಾಗ ಎಡವುವವರು ಕಡಿಮೆ. ಹನ್ನೊಂದು ಮಾಡಿದರೆ ಎಡವುವುದೇ ಕೆಲಸ.

ಹಳೇನೋಟು
ಆ ಶೆಲ್ಡನ್ ಕಳ್ಳ ಅಲ್ವಾ?

ಆನೆಕಾಸು
ಹ್ಞೂಂ. ನ್ಯೂಯಾರ್ಕಿನ ನಾಣ್ಯ ಸಂಸ್ಥೆಯ ಸಂಗ್ರಹದಲ್ಲಿದ್ದ ಒಳ್ಳೆ ಸೆಂಟುಗಳನ್ನು ಎತ್ತಿ, ಆ ಜಾಗಕ್ಕೆ ತನ್ನ ಕಳಪೆ ಸೆಂಟುಗಳನ್ನು ಇಟ್ಟಿದ್ದ. ಅವನು ಸತ್ತ ಮೇಲೆ ಕೋರ್ಟುವರೆಗೆ ಹೋಯಿತು, ನಾಣ್ಯ ಸಂಸ್ಥೆಯೇ ಗೆದ್ದಿತು.

ರಾಜಾಜಿನಗರ_ರಾಘು
ಒಳ್ಳೆಯದು ಯಾವುದು ಕಳಪೆ ಯಾವುದು ಅಂತ ಅವನಿಗಂತೂ ಸರಿಯಾಗಿ ಗೊತ್ತಿತ್ತು ಬಿಡಿ 😀

ಬಸವನಗುಡಿ_ತಾತ
ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತನಾದವನು. ನಾಣ್ಯ ಕೂಡಿಡಲು ಶುರು ಮಾಡಿ ನಲವತ್ತು ವರ್ಷದ ಮೇಲಾಯಿತು. ಅವೆನ್ಯೂ ರಸ್ತೆಯಲ್ಲಿ ನಾವು ಕೊಳ್ಳುವಾಗ ಸ್ಲ್ಯಾಬೂ ಇರಲಿಲ್ಲ, ಗೊಬ್ಬರವೂ ಇರಲಿಲ್ಲ. ಅಂಗಡಿ ಹೊರಗೆ ಬಿಸಿಲಿಗೆ ಹಿಡಿದು, ಭೂತಗನ್ನಡಿ ಇಟ್ಟು, ರಾಜನ ಕಿವಿ ಮೇಲಿನ ಕೂದಲು ನೋಡುತ್ತಿದ್ದೆವು. ಫೈನ್, ವೆರಿ ಫೈನ್, ಇಎಫ್ ಅಂದರೆ ಎಕ್ಸ್‌ಟ್ರೀಮ್ಲಿ ಫೈನ್, ಯುಎನ್‌ಸಿ ಅಂದರೆ ಚಲಾವಣೆಗೇ ಹೋಗದ್ದು. ನಾಲ್ಕು ಮಾತಿನಲ್ಲಿ ವ್ಯಾಪಾರ ಮುಗಿಯಿತು.

ಅದೂ ಬ್ರಿಟಿಷ್ ಪದ್ಧತಿ, ಬಿಗಿ. ಅವರು ಇಎಫ್ ಎನ್ನುವುದನ್ನು ಅಮೆರಿಕದವರು ಎಯು, ಅಂದರೆ ಹೆಚ್ಚುಕಮ್ಮಿ ಯುಎನ್‌ಸಿ, ಎನ್ನುತ್ತಾರೆ. ಕಣ್ಣು ಪಳಗಿದರೆ ತಪ್ಪುವುದಿಲ್ಲ. ಮೂವತ್ತು ವರ್ಷದ ಹಿಂದೆ ನಾನು ಕವರಿನ ಮೇಲೆ ಬರೆದ ದರ್ಜೆಯನ್ನು ಇವತ್ತು ನೋಡಿದರೂ ಅದೇ ಬರೆಯುತ್ತೇನೆ. ದೋಷ ಪದ್ಧತಿಯದಲ್ಲ, ಅವಸರದ್ದು.

ಡಿಪ್_ಮಾಡ್ಬೇಡಿ
ತಾತ, ನಿಮ್ಮ ಮೇಲೆ ಗೌರವ ಇದೆ. ಆದರೆ ಕವರಿನ ಮೇಲೆ ಬರೆದಿದ್ದನ್ನು ಓದಿಕೊಂಡೇ ನಾಣ್ಯ ನೋಡಿದರೆ ಅದೇ ಗ್ರೇಡ್ ಕಾಣುತ್ತೆ. ಕವರ್ ಮುಚ್ಚಿ ನೋಡಿ.

ಬಸವನಗುಡಿ_ತಾತ
ನೋಡೋಣ ಬಿಡಪ್ಪ.

ವೈಟ್‌ಫೀಲ್ಡ್_ವಿಕ್ಕಿ
ಸಡಿಲ ಆಗಿರೋದಂತೂ ನಿಜ. ಅಮೆರಿಕದಲ್ಲಿ ಪಿಸಿಜಿಎಸ್ ಎಂಬ ಗ್ರೇಡಿಂಗ್ ಕಂಪನಿಯ ಹಳೇ ಹಸಿರು ಲೇಬಲ್ ಸ್ಲ್ಯಾಬ್‌ಗಳಿಗೆ ಇವತ್ತಿಗೂ ಜಾಸ್ತಿ ದುಡ್ಡು ಕೊಡುತ್ತಾರೆ, "ಆಗಿನ 64 ಈಗಿನ 65" ಎಂಬ ನಂಬಿಕೆಯಿಂದ. ಗ್ರೇಡ್‌ಫ್ಲೇಷನ್ ಅಂತ ಅದಕ್ಕೆ ಹೆಸರೇ ಬಿದ್ದಿದೆ. ಸ್ಲ್ಯಾಬ್ ಮೇಲಿನ ಗ್ರೇಡ್ ಸರಿ ಇದೆಯಾ ಅಂತ ನೋಡಿ ಇನ್ನೊಂದು ಗ್ರೇಡ್ ಕೊಡೋಕೆ ಸಿಎಸಿ ಅಂತ ಇನ್ನೊಂದು ಕಂಪನಿ ಬೇರೆ ಹುಟ್ಟಿಕೊಂಡಿತು 2007ರಲ್ಲಿ. ಕಾವಲುಗಾರನಿಗೆ ಇನ್ನೊಬ್ಬ ಕಾವಲುಗಾರ.

ಆನೆಕಾಸು
ಸಣ್ಣ ತಿದ್ದುಪಡಿ. ಸಿಎಸಿ ಶುರುವಿನಲ್ಲಿ ಗ್ರೇಡ್ ಕೊಡುತ್ತಿರಲಿಲ್ಲ. ಆ ಗ್ರೇಡಿಗೆ ನಾಣ್ಯ ಗಟ್ಟಿಯಾಗಿದೆ ಅನ್ನಿಸಿದರೆ ಸ್ಲ್ಯಾಬಿನ ಮೇಲೆ ಹಸಿರು ಸ್ಟಿಕ್ಕರ್, ಅದಕ್ಕಿಂತ ಮೇಲಿನ ಗ್ರೇಡ್ ಬರಬೇಕಿತ್ತು ಅನ್ನಿಸಿದರೆ ಚಿನ್ನದ ಸ್ಟಿಕ್ಕರ್. ಸ್ವಂತ ಗ್ರೇಡಿಂಗ್ ಶುರುವಾಗಿದ್ದು 2023ರಲ್ಲಿ. ಇನ್ನೊಂದು ತಮಾಷೆ: 1987ರಲ್ಲಿ ಎನ್‌ಜಿಸಿ ಎಂಬ ಇನ್ನೊಂದು ಗ್ರೇಡಿಂಗ್ ಕಂಪನಿ ಕಟ್ಟಿದ ಜಾನ್ ಅಲ್ಬನೀಸ್ ಅವರೇ ಸಿಎಸಿ ಕಟ್ಟಿದವರೂ.

ನಿಕ್ಕಲ್‌ಹುಲಿ
ಮಷಿನ್ ಇಟ್ಟರೆ ಆಗಲ್ವಾ? ಕ್ಯಾಮೆರಾ ಇದೆ, ಎಐ ಇದೆ. ಮನುಷ್ಯರ ಕಣ್ಣು ಯಾಕೆ ಬೇಕು?

ಆನೆಕಾಸು
1990ರಲ್ಲೇ ಪಿಸಿಜಿಎಸ್ "ಎಕ್ಸ್‌ಪರ್ಟ್" ಅಂತ ಕಂಪ್ಯೂಟರ್ ತೋರಿಸಿತ್ತು. ಕಂಪ್ಯೂಗ್ರೇಡ್ ಎಂಬ ಕಂಪನಿಯೂ ಬಂತು. ಎರಡೂ ನಿಲ್ಲಲಿಲ್ಲ. ಗೀರು ಎಣಿಸುವುದು ಸುಲಭ. ಆ ಗೀರು ರಾಜನ ಕೆನ್ನೆ ಮೇಲಿದೆಯಾ, ಕಿರೀಟದ ಸಂದಿಯಲ್ಲಿ ಅಡಗಿದೆಯಾ, ಹೊಳಪು ಜೀವಂತವಾ ಸತ್ತಿದೆಯಾ ಅಂತ ತೂಗುವುದು ಕಷ್ಟ. ಅದೇ ವರ್ಷ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಪಿಸಿಜಿಎಸ್ ಮೇಲೆ ಕೇಸಿಗೆ ಹೋಗಿತ್ತು, ಜಾಹೀರಾತಿನಲ್ಲಿ ಗ್ರೇಡಿಂಗ್ ಬಗ್ಗೆ ಜಾಸ್ತಿ ಹೇಳಿಕೊಂಡಿದ್ದಕ್ಕೆ. ರಾಜಿಯಲ್ಲಿ ಮುಗಿಯಿತು.

ಕಾಸಿನಸರ
ನನ್ನದೂ ಒಂದು ಕೇಳಿ. ನಮ್ಮಜ್ಜಿಯ ಸರದಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಹನ್ನೆರಡು ಇದ್ದವು. ಪಾಲಾಗುವಾಗ ನನಗೆ ಮೂರು ಬಂದವು. ಕೊಂಡಿ ಕಿತ್ತಿದ ಜಾಗದಲ್ಲಿ ಬೆಸುಗೆ ಗುರುತು ಕಾಣುತ್ತೆ. ಅದೂ ಸಾಲದು ಅಂತ ಪ್ರತಿ ಗೌರಿ ಹಬ್ಬಕ್ಕೆ ಹುಣಸೆಹಣ್ಣು, ವಿಭೂತಿ ಹಾಕಿ ಅಜ್ಜಿ ತಿಕ್ಕಿದ್ದೇ ತಿಕ್ಕಿದ್ದು. ಫಳಫಳ ಹೊಳೆಯುತ್ತೆ, ಕನ್ನಡಿ ಥರ.

ಒಂದು ಪ್ರದರ್ಶನದಲ್ಲಿ ಮೂವರು ವ್ಯಾಪಾರಿಗಳಿಗೆ ತೋರಿಸಿದೆ. ಒಬ್ಬರು ಯುಎನ್‌ಸಿ ಅಂದರು (ಮಾರೋದಾದರೆ ವೆರಿ ಫೈನ್ ಬೆಲೆಗೆ ಕೊಡಿ ಅಂತಲೂ ಅಂದರು!). ಇನ್ನೊಬ್ಬರು ವೆರಿ ಫೈನ್. ಮೂರನೆಯವರು "ಮೇಡಂ, ಇದು ಒಡವೆ, ನಾಣ್ಯ ಅಲ್ಲ" ಅಂತ ಕೈಗೆ ವಾಪಸ್ ಕೊಟ್ಟರು. ಮೂವರಲ್ಲಿ ಮೂರನೆಯವರೇ ನನಗೆ ಇಷ್ಟ ಆದರು.

ಡಿಪ್_ಮಾಡ್ಬೇಡಿ
ಮೇಡಂ, ಅವರು ಹೇಳಿದ್ದು ಸರಿ. ಇಂಥವಕ್ಕೆ ಈಗ ಸಂಖ್ಯೆ ಕೊಡುವುದಿಲ್ಲ. "ಡೀಟೇಲ್ಸ್" ಅಂತ ಬರೆದು ಪಕ್ಕದಲ್ಲಿ ತೊಳೆದದ್ದು, ಕೊಂಡಿ ತೆಗೆದದ್ದು ಅಂತ ಕಾರಣ ಹಾಕುತ್ತಾರೆ. ಮೊದಲು ದೊಡ್ಡ ಕಂಪನಿಗಳು ಸ್ಲ್ಯಾಬೇ ಮಾಡದೆ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ವಾಪಸ್ ಕಳಿಸುತ್ತಿದ್ದವು. ಅದಕ್ಕೆ ಬಾಡಿ ಬ್ಯಾಗ್ ಅಂತ ಅಡ್ಡಹೆಸರು, ಹೆಣ ಕಟ್ಟುವ ಚೀಲ. ಇನ್ನು ಕೆಲವರು ದೋಷಕ್ಕೆ ಇಷ್ಟು ಅಂತ ಕಳೆದು, ಉಳಿದದ್ದನ್ನು ಗ್ರೇಡ್ ಅಂತ ಕೊಡುತ್ತಿದ್ದರು. ಅಂದರೆ ಒಂದೇ ತಿಕ್ಕಿದ ರೂಪಾಯಿಗೆ ಒಂದು ಕಾಲಕ್ಕೆ ಚೀಲ, ಇನ್ನೊಂದು ಕಡೆ ವೆರಿ ಫೈನ್, ಇವತ್ತು ಡೀಟೇಲ್ಸ್. ಗ್ರೇಡ್ ಬದಲಾಗೋದು ಇರಲಿ, ಪ್ರಶ್ನೆಯೇ ಬದಲಾಗಿದೆ.

ಈಗ ಮೂಲ ಪೋಸ್ಟ್ ಹಾಕಿದವರಿಗೆ ಒಂದು ಮಾತು. ಮೊದಲ ಸ್ಲ್ಯಾಬ್ ಒಡೆದ ಮೇಲೆ ನಾಣ್ಯ ಎಲ್ಲಿ ಇಟ್ಟಿದ್ರಿ? ಕೈಯಲ್ಲಿ ಮುಟ್ಟಿದ್ರಾ? ನಿಜ ಹೇಳಿ.

ಚಿಲ್ಲರೆಸಂತೆ
ಎರಡು ಮೂರು ವಾರ ಮೆತ್ತನೆ ಪ್ಲಾಸ್ಟಿಕ್ ಪೌಚಿನಲ್ಲಿ. ಸ್ಲ್ಯಾಬಿನ ಚೂರು ಅಂಟಿಕೊಂಡಿತ್ತು ಅಂತ ಕನ್ನಡಕದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಮೆಲ್ಲಗೇ.

ಡಿಪ್_ಮಾಡ್ಬೇಡಿ
ಅಯ್ಯೋ!!!

ರಾಜಾಜಿನಗರ_ರಾಘು
ಕೇಸ್ ಕ್ಲೋಸ್. ಆರೋಪಿ ಮನೆಯಲ್ಲೇ ಸಿಕ್ಕ.

ಡಿಪ್_ಮಾಡ್ಬೇಡಿ
ಬೆಳ್ಳಿ ಎಷ್ಟು ಮೆತ್ತಗೆ ಅಂತ ಗೊತ್ತಾ? ಒಣಬಟ್ಟೆಯಲ್ಲಿ ಒಂದು ಸಲ ಒರೆಸಿದರೂ ಕೂದಲೆಳೆಯಂಥ ಗೀರು ಬೀಳುತ್ತೆ. ಮನೆಯ ಟ್ಯೂಬ್‌ಲೈಟ್ ಕೆಳಗೆ ಕಾಣಲ್ಲ. ಹಳೇ ಕಾಲದ ಬಲ್ಬಿನ ಕೆಳಗೆ ತಿರುಗಿಸಿ ನೋಡಿ, ಜೇಡರ ಬಲೆ ಥರ ಎದ್ದು ಬರುತ್ತೆ. ಆ ಮೆತ್ತನೆ ಪೌಚುಗಳಲ್ಲಿ ಪಿವಿಸಿ ಇರುತ್ತೆ. ಜಾಸ್ತಿ ದಿನ ಇಟ್ಟರೆ ಹಸಿರು ಅಂಟು ಬಿಡುತ್ತೆ. ನಿಮ್ಮ 64 ಹೋಗಿದ್ದು ಕನ್ನಡಕದ ಬಟ್ಟೆಯಲ್ಲಿ ಸ್ವಾಮಿ, ಕಂಪನಿಯಲ್ಲಲ್ಲ.

ಚಿಲ್ಲರೆಸಂತೆ
ಒಪ್ಪಿದೆ, ತಪ್ಪು ನನ್ನದೇ. ಆದರೆ 62 ಬಂದ ಮೇಲೆ ನಾನು ನಾಣ್ಯದ ಮೈ ಮುಟ್ಟಿಲ್ಲ. ಸ್ಲ್ಯಾಬ್ ಒಡೆದದ್ದು ಅಂಚು ಹಿಡಿದು, ಗ್ಲೌಸ್ ಹಾಕಿ. ನೇರ ಗಟ್ಟಿ ಡಬ್ಬಿಗೆ. ಗೀರು ತಾನಾಗೇ ವಾಸಿಯಾಗಲ್ಲ ಅಲ್ವಾ? 63 ಹೇಗೆ ಬಂತು?

ಬಸವನಗುಡಿ_ತಾತ
ಈ ಪ್ರಶ್ನೆ ನ್ಯಾಯವಾಗಿದೆ.

ವೈಟ್‌ಫೀಲ್ಡ್_ವಿಕ್ಕಿ
ಇಲ್ಲೇ ಮಜಾ ಇರೋದು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ. ನನ್ನ ಕೆಲಸ ಡೇಟಾ, ಅದಕ್ಕೇ ಈ ಚಟ.

ಗ್ರೇಡ್ ಮಾಡುವವರು ಯಾರೂ ಸಡಿಲ ಆಗಿಲ್ಲ ಅಂತಲೇ ಇಟ್ಟುಕೊಳ್ಳಿ. ಮೂವತ್ತು ವರ್ಷ ಒಂದೇ ಬಿಗಿ. ಮನುಷ್ಯರಾದ್ದರಿಂದ ಆಗಾಗ ಒಂದು ಮೆಟ್ಟಿಲು ಆಚೆ ಈಚೆ ಆಗುತ್ತೆ, ಅಷ್ಟೇ. ನಿಜವಾಗಿ 63 ಆಗಿರುವ ನೂರು ರೂಪಾಯಿ ಕಳಿಸಿದೆವು. ಐದರಲ್ಲಿ ಒಂದಕ್ಕೆ ಕೈತಪ್ಪಿ 64 ಬರುತ್ತೆ ಅನ್ನಿ. ಅಂದರೆ 20 ನಾಣ್ಯ 64 ಆದವು. ಆ 20ನ್ನು ಯಾರಾದರೂ ಒಡೆದು ಮತ್ತೆ ಕಳಿಸುತ್ತಾರಾ? ಹುಚ್ಚಾ? ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಾರೆ. ಉಳಿದ 80 ಮಾತ್ರ ಮತ್ತೆ ಹೋಗುತ್ತವೆ. ಅದರಲ್ಲಿ 16 ಮೇಲೇರಿದವು. ಮೂರನೇ ಸಲ 64 ಹೋಗಿ ಹದಿಮೂರು ಏರಿದವು. ಮೂರು ಸುತ್ತಿಗೆ ನೂರರಲ್ಲಿ ಹತ್ತತ್ರ ಅರ್ಧ "64" ಆಗಿ ಕೂತಿವೆ. ಯಾರೂ ಸಡಿಲ ಮಾಡಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಬಾಗಿಲು ಒಂದೇ ಕಡೆ ತೆರೆಯುತ್ತೆ.

ಇನ್ನೊಂದು ಇದೆ. ಒಡೆದವರು ಹಳೇ ಲೇಬಲ್ ಚೀಟಿಯನ್ನು ಕಂಪನಿಗೆ ವಾಪಸ್ ಕೊಡದಿದ್ದರೆ ಕಂಪನಿ ಲೆಕ್ಕದಲ್ಲಿ ಆ ನಾಣ್ಯ ಎರಡು ಮೂರು ಸಲ ಎಣಿಕೆ ಆಗಿರುತ್ತೆ. "ಈ ಗ್ರೇಡಿನಲ್ಲಿ ಜಗತ್ತಿನಲ್ಲಿ ಇರೋದೇ ಇಷ್ಟು" ಅಂತ ತೋರಿಸುವ ಪಾಪ್ಯುಲೇಷನ್ ರಿಪೋರ್ಟ್ ಇದೆಯಲ್ಲ, ಅದರಲ್ಲಿ ಮೂಲ ಪೋಸ್ಟಿನವರ ಒಂದು ರೂಪಾಯಿ ಈಗ ಮೂರು ರೂಪಾಯಿ.

ಚಿಲ್ಲರೆಸಂತೆ
ನಿಜ ಗುರು. ಹಳೇ ಎರಡು ಲೇಬಲ್ಲೂ ನನ್ನ ಡ್ರಾಯರಿನಲ್ಲೇ ಇವೆ.

ರಾಜಾಜಿನಗರ_ರಾಘು
ಒಂದನ್ನು ಮೂರು ಮಾಡಿದ್ದೀರಿ, ಟಂಕಸಾಲೆಗೇ ಕೆಲಸಕ್ಕೆ ಸೇರಿಕೊಳ್ಳಿ.

ಆನೆಕಾಸು
ವಿಕ್ಕಿ ಹೇಳಿದ್ದು ಚೆನ್ನಾಗಿದೆ, ಆದರೆ ಅದೊಂದೇ ಕಾರಣ ಅಲ್ಲ. ಅಳತೆಗೋಲನ್ನೂ ಸರಿಸಿದ್ದಾರೆ. ಉಬ್ಬಿದ ಜಾಗದಲ್ಲಿ ಅಂದರೆ ಕೆನ್ನೆ, ಕೂದಲಿನ ಮೇಲೆ ಸ್ವಲ್ಪ ಉಜ್ಜಿದ್ದರೂ ಹಿಂದೆ ಎಯು ಅನ್ನುತ್ತಿದ್ದರು. ಈಗ ಅಂಥವನ್ನು "ನೋಡೋಕೆ ಚೆನ್ನಾಗಿದೆ" ಅಂತ 61, 62ಕ್ಕೆ ತಳ್ಳುವುದು ಕಣ್ಣಿಗೆ ಬೀಳುತ್ತೆ. ಸವೆತಕ್ಕಿಂತ ಮಾರುಕಟ್ಟೆ ಬೆಲೆ ನೋಡಿ ಗ್ರೇಡ್ ಕೊಡುವ ಚಾಳಿ. ಯೋಚಿಸಿ ನೋಡಿದರೆ ಶೆಲ್ಡನ್ ಮಾಡಿದ್ದೂ ಅದನ್ನೇ.

ನಮ್ಮ ಕಡೆ ನಾಣ್ಯಗಳಿಗೆ ಈ ಅಳತೆ ಇನ್ನೂ ಹೊಂದಲ್ಲ. ನಾನು ಟಿಪ್ಪು ಕಾಲದ ಆನೆ ಪೈಸೆ ಕೂಡಿಡುವವನು. ಕೈಯಲ್ಲಿ ಸುತ್ತಿಗೆ ಹಿಡಿದು ಹೊಡೆದ ತಾಮ್ರ. ಆನೆಯ ಸೊಂಡಿಲು ಇಲ್ಲದಿದ್ದರೆ ಅದು ಸವೆದು ಹೋಯಿತಾ, ಇಲ್ಲ ಹುಟ್ಟುವಾಗಲೇ ಬಿಲ್ಲೆಯಿಂದ ಆಚೆ ಬಿತ್ತಾ? ಶ್ರೀರಂಗಪಟ್ಟಣದಲ್ಲಿ ಪಟ್ಟಣ ಅಂತ ಹಾಕಿ ಹೊಡೆದದ್ದಕ್ಕೂ ನಗರ ಎಂಬ ಊರಿನಲ್ಲಿ (ಹಿಂದಿನ ಬಿದನೂರು) ಹೊಡೆದದ್ದಕ್ಕೂ ಅಚ್ಚಿನ ಕೈ ಬೇರೆ. ಅದನ್ನು ನೂರಾರು ನೋಡಿದವನಿಗೆ ಗೊತ್ತಾಗುತ್ತೆ. ದಿನವಿಡೀ ಮಷಿನ್‌ನಲ್ಲಿ ಹೊಡೆದ ಡಾಲರ್ ನೋಡುವ ಕಣ್ಣಿಗೆ ಹೇಗೆ ಗೊತ್ತಾಗಬೇಕು?

ಎನ್‌ಜಿಸಿಯವರು ಗ್ರೀಕ್, ರೋಮನ್ ಹಳೇ ನಾಣ್ಯಗಳಿಗೆ ಮಾಡಿದ ಪದ್ಧತಿ ನನಗೆ ಇಷ್ಟ. ದರ್ಜೆ ಬೇರೆ, ಅಚ್ಚಿಗೆ ಐದರಲ್ಲಿ ಇಷ್ಟು, ಮೈಗೆ ಐದರಲ್ಲಿ ಇಷ್ಟು ಅಂತ ಬೇರೆ ಬೇರೆ ಬರೆಯುತ್ತಾರೆ. ಆನೆ ಪೈಸೆಗೂ ಹಾಗೇ ಮಾಡಿದರೆ ಅರ್ಧ ಜಗಳ ಕಮ್ಮಿ.

ಜಯನಗರ_ಜಗ್ಗಿ
ಮಧ್ಯದಲ್ಲಿ ಒಂದು ಪ್ರಶ್ನೆ, ಕೋಪ ಬೇಡ. ನನ್ನ ಹತ್ತಿರ 1911ರ ಹಂದಿ ರೂಪಾಯಿ ಇದೆ. ಹೊರದೇಶಕ್ಕೆ ಗ್ರೇಡಿಂಗ್‌ಗೆ ಯಾರ ಕೈಲಿ ಕಳಿಸಲಿ?

ನಿಕ್ಕಲ್‌ಹುಲಿ
ಹಂದಿ ರೂಪಾಯಿನಾ? ಏನದು?

ಬಸವನಗುಡಿ_ತಾತ
ಐದನೇ ಜಾರ್ಜ್ ಪಟ್ಟಕ್ಕೆ ಬಂದಾಗ ಹೊಡೆದ ಮೊದಲ ರೂಪಾಯಿ ಮಗು. ರಾಜನ ನಿಲುವಂಗಿಯ ಮೇಲೆ ಪದಕದ ಹಾರ, ಅದರಲ್ಲಿ ಒಂದು ಪುಟ್ಟ ಆನೆ. ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಂಡಿತು. ಮುಸಲ್ಮಾನರು ಮುಟ್ಟಲು ಒಪ್ಪಲಿಲ್ಲ, ದೊಡ್ಡ ಗಲಾಟೆಯಾಯಿತು. ಸರ್ಕಾರ ಹಿಂದಕ್ಕೆ ತರಿಸಿ ಕರಗಿಸಿತು. 1912ರಿಂದ ಸೊಂಡಿಲು ಕಾಣುವಂತೆ ತಿದ್ದಿದ ಅಚ್ಚು. ಕರಗದೆ ಉಳಿದದ್ದಕ್ಕೆ ಈಗ ಬೆಲೆ.

ಡಿಪ್_ಮಾಡ್ಬೇಡಿ
ಜಗ್ಗಿ ಅವರೇ, ಕಳಿಸಬೇಡಿ! 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ. ಅದನ್ನು ನಾವು ನೀವು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. "ಗ್ರೇಡ್ ಮಾಡಿಸಿ ವಾಪಸ್ ತರಿಸ್ತೀವಿ" ಅನ್ನೋದು ಕಸ್ಟಮ್ಸ್ ಮುಂದೆ ನಡೆಯಲ್ಲ. ಮೂಲ ಪೋಸ್ಟಿನ 1938ರದ್ದಕ್ಕೆ ಇನ್ನೂ ನೂರು ಆಗಿಲ್ಲ, ಬಚಾವ್.

ಜಯನಗರ_ಜಗ್ಗಿ
ಥ್ಯಾಂಕ್ಸ್. ಒಳ್ಳೆ ಕೆಲಸ ಆಯ್ತು ಕೇಳಿದ್ದು. ಬೀರುವಿನಲ್ಲೇ ಇರಲಿ ಹಂದಿ.

ಹಳೇನೋಟು
ನೋಟಿನ ಕಡೆ ಬನ್ನಿ, ಇಷ್ಟು ತಲೆನೋವಿಲ್ಲ. ಮಡಿಕೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಬ್ರಂಟನ್ ರಸ್ತೆಯಲ್ಲಿ ನೋಟುಗಳ ಮ್ಯೂಸಿಯಮ್ಮೇ ಇದೆ, ಹೋಗಿ ನೋಡಿ.

ವೈಟ್‌ಫೀಲ್ಡ್_ವಿಕ್ಕಿ
ಇಸ್ತ್ರಿ ಹಾಕಿ ಮಡಿಕೆ ಅಳಿಸಿದ ನೋಟಿಗೆ ಏನಂತೀರಿ?

ಹಳೇನೋಟು
ಅದನ್ನು ಇಲ್ಲಿ ಹೇಳಬಾರದು.

ಬಸವನಗುಡಿ_ತಾತ
ಎಲ್ಲ ಸರಿ. ನಾನು ಹೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಪಳಗಿದ ಕಣ್ಣು ತಪ್ಪುವುದಿಲ್ಲ ಎಂಬುದು ನನ್ನ ವಾದ. ಪರೀಕ್ಷೆ ಬೇಕಾದರೆ ಮಾಡಿ. ಚಿಲ್ಲರೆಸಂತೆಯವರು ಆ ರೂಪಾಯಿ ತರಲಿ. ಭಾನುವಾರ ಗಾಂಧಿ ಬಜಾರಿನಲ್ಲಿ ದೋಸೆ, ಆಮೇಲೆ ನಮ್ಮ ಮನೆಯ ಜಗಲಿ. ಯಾರು ಬರುತ್ತೀರಿ?

ಡಿಪ್_ಮಾಡ್ಬೇಡಿ
ನಾನು ರೆಡಿ. ಬಲ್ಬ್ ಇರೋ ಟೇಬಲ್ ಲ್ಯಾಂಪ್ ನಾನೇ ತರ್ತೀನಿ.

ಕಾಸಿನಸರ
ಬರ್ತೀನಿ. ಅಜ್ಜಿಯ ರೂಪಾಯಿ ಮೂರೂ ತರ್ತೀನಿ, ಗುರುತಿಲ್ಲದ ಹಾಗೆ ಸೇರಿಸಿಬಿಡಿ.

ರಾಜಾಜಿನಗರ_ರಾಘು
ನನಗೆ ನಾಣ್ಯ ಗೊತ್ತಿಲ್ಲ, ದೋಸೆ ಗೊತ್ತು. ವಿದ್ಯಾರ್ಥಿ ಭವನದಲ್ಲಿ ಜಾಗ ಹಿಡಿಯೋ ಕೆಲಸ ನನಗೆ.

ವೈಟ್‌ಫೀಲ್ಡ್_ವಿಕ್ಕಿ
ವೈಟ್‌ಫೀಲ್ಡಿಂದ ಬರೋ ಹೊತ್ತಿಗೆ ನನ್ನ ನಾಣ್ಯಕ್ಕೂ ನೂರು ವರ್ಷ ಆಗಿರುತ್ತೆ. ಆದರೂ ಬರ್ತೀನಿ. ಚೀಟಿ, ಪೆನ್ನು ನನ್ನದು.

ಚಿಲ್ಲರೆಸಂತೆ
ಭಾನುವಾರದ ವರದಿ. ಬರದವರು ಹೊಟ್ಟೆ ಉರಿದುಕೊಳ್ಳಿ.

ಧೈರ್ಯ ಮಾಡಿ 63ರ ಸ್ಲ್ಯಾಬನ್ನೂ ಒಡೆದೆ. (ಹೆಂಡತಿ ನೋಡಿ "ಇದು ಕಾಯಿಲೆ" ಅಂದಳು.) ನಾಲ್ಕು ಜನ ಗ್ರೇಡ್ ಮಾಡಿದರು. ಎಂಟು ನಾಣ್ಯ, ಎಲ್ಲಕ್ಕೂ ಒಂದೇ ಥರದ ಡಬ್ಬಿ, ಕೆಳಗೆ ಅಂಕೆ. ಒಬ್ಬೊಬ್ಬರೇ ಒಳಗೆ ಹೋಗಿ ಲ್ಯಾಂಪಿನ ಕೆಳಗೆ ನೋಡಿ ಚೀಟಿ ಬರೆಯಬೇಕು. ನನ್ನ ರೂಪಾಯಿಗೆ ಬಂದದ್ದು 61, 62, 63, 63. ಅಂದರೆ ಕಂಪನಿಯವರಿಗಿಂತ ನಾವೇನೂ ಮೇಲಲ್ಲ. ಕಾಸಿನಸರ ಮೇಡಂ ಅವರ ಅಜ್ಜಿಯ ರೂಪಾಯಿಗಳನ್ನು ಮಾತ್ರ ನಾಲ್ಕೂ ಜನ ಒಂದೇ ಸಲಕ್ಕೆ ಹಿಡಿದುಬಿಟ್ಟರು. ವಿಭೂತಿಯ ಹೊಳಪಿಗೆ ಭಿನ್ನಾಭಿಪ್ರಾಯ ಇಲ್ಲ.

ಆಮೇಲೆ ಕಾಫಿ ಕುಡಿದು ವಿಕ್ಕಿ ಒಂದು ಕಿತಾಪತಿ ಮಾಡಿದ. ಡಬ್ಬಿಗಳ ಅಂಕೆ ಬದಲಾಯಿಸಿ, "ಇನ್ನೊಂದು ಎಂಟು ನಾಣ್ಯ ಇದೆ" ಅಂತ ಸುಳ್ಳು ಹೇಳಿ ಅವೇ ನಾಣ್ಯಗಳನ್ನು ತಾತನ ಮುಂದೆ ಇಟ್ಟ. ಮೊದಲ ಸಲ ತಾತ ನನ್ನ ರೂಪಾಯಿಗೆ ಬರೆದದ್ದು 63. ಎರಡನೇ ಸಲ 61.

ಬಸವನಗುಡಿ_ತಾತ
ಎರಡನೇ ಸಲ ನೋಡುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಡಿಪ್_ಮಾಡ್ಬೇಡಿ
ತಾತ, ನಾವು ನೋಡಿದ್ದು ಲ್ಯಾಂಪಿನಲ್ಲಿ.

ಬಸವನಗುಡಿ_ತಾತ
ದೋಸೆಗೆ ಬೆಣ್ಣೆ ಜಾಸ್ತಿಯಾಗಿತ್ತು. ನಿದ್ದೆ ಬರುತ್ತಿತ್ತು. ಮುಂದಿನ ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಇಡೋಣ, ಎಲ್ಲರೂ ಬನ್ನಿ.

ಚಿಲ್ಲರೆಸಂತೆ
ಬರ್ತೀನಿ ತಾತ. ಸ್ಲ್ಯಾಬ್ ಹೇಗೂ ಒಡೆದಾಗಿದೆ.